ಹಳೆ ಬ್ಲಾಕ್‌ನಿಂದಲೇ ಮಿರ್-21 ಅಳೆದೆ: ನನ್ನ ಅನುಭವ

ಫಾರ್ಮಲಿನ್‌ನಲ್ಲಿ ನೆನೆದು ವರ್ಷಗಟ್ಟಲೆ ಮೇಣದಲ್ಲಿ ಕೂತ ಅಂಗಾಂಶದ ಬ್ಲಾಕ್‌ನಲ್ಲಿ ಆರ್‌ಎನ್‌ಎ ಎಲ್ಲಿ ಉಳಿದಿರುತ್ತದೆ ಅಂತ ಎಲ್ಲರೂ ಕೇಳಿದ್ದರು. ಉದ್ದನೆಯದು ಚೂರಾಗಿರುತ್ತದೆ, ನಿಜ. ಆದರೆ ಜೀನ್‌ಗಳ ಕೆಲಸ ನಿಯಂತ್ರಿಸುವ, ಮಿರ್-21ರಂಥ 22 ಬೇಸ್‌ನ ಮೈಕ್ರೋಆರ್‌ಎನ್‌ಎಯಲ್ಲಿ ಚೂರಾಗೋಕೆ ಜಾಸ್ತಿ ಏನಿದೆ? ನಾಯಿಗಳ ಸ್ತನದ ಗಡ್ಡೆಯ ಸುಮಾರು 40 ಬ್ಲಾಕ್ ಮುಗಿಸಿದ್ದೇನೆ, ಮೂರು ಸಲ ಮಾಡಿದರೂ ಮಿರ್-21ರ ಸಿಟಿ (ಪಿಸಿಆರ್‌ನಲ್ಲಿ ಸಂಕೇತ ಕಾಣಿಸುವ ಸೈಕಲ್ ಸಂಖ್ಯೆ) 23ರ ಆಸುಪಾಸಿನಲ್ಲೇ ಬರುತ್ತದೆ.

ಮೊದಲ ಎರಡು ತಿಂಗಳು ಮತ್ತು ಒಂದು ಪೂರ್ತಿ ಕಿಟ್ ನೀರಿಗೆ ಹೋಯಿತು. ಮಾಮೂಲಿ ಆರ್‌ಎನ್‌ಎ ಹಿಡಿಯುವ ಸೋಸು ಕಾಲಮ್‌ಗೆ ಹಾಕುವಷ್ಟೇ ಎಥನಾಲ್ ಹಾಕಿದ್ದೆ, ಚಿಕ್ಕ ತುಣುಕುಗಳೆಲ್ಲ ಕೆಳಗೆ ಸೋರಿ ಹೋಗಿದ್ದವು. ಒಂದೂವರೆ ಪಟ್ಟು ಹಾಕಿದ ಮೇಲೆ ನಿಂತವು. ಪಿಸಿಆರ್ ಶುರುಮಾಡುವ ಡಿಎನ್‌ಎ ತುಣುಕಾದ ಪ್ರೈಮರ್‌ಗೆ ಖರ್ಚಾಗಲಿಲ್ಲ, ಮಿರ್-21ರ ಪಕ್ವ ಸರಣಿ ಮನುಷ್ಯನಲ್ಲೂ ನಾಯಿಯಲ್ಲೂ ಒಂದೇ ಅಲ್ವಾ, ಮನುಷ್ಯನಿಗೆಂದು ಇದ್ದದ್ದನ್ನೇ ಬಳಸಿದೆ. ಪಿಸಿಆರ್ 20ರ ಬದಲು 10 ಮೈಕ್ರೋಲೀಟರ್‌ನಲ್ಲಿ ಮಾಡಿದ್ದರಿಂದ ದುಡ್ಡು ಹೆಚ್ಚುಕಡಿಮೆ ಅರ್ಧ ಉಳಿಯಿತು.

ನನ್ನನ್ನು ನಿಜವಾಗಿ ಮೋಸ ಮಾಡಿದ್ದು ಮಿರ್-145 ಅನ್ನೋ ಇನ್ನೊಂದು ಮೈಕ್ರೋಆರ್‌ಎನ್‌ಎ. ಗಡ್ಡೆಯಲ್ಲಿ ಅದು ತುಂಬಾ ಇಳಿದಿತ್ತು, ದೊಡ್ಡದೇನೋ ಸಿಕ್ಕಿತು ಅಂತ ಖುಷಿಪಟ್ಟೆ. ಆಮೇಲೆ ಸ್ಲೈಡ್ ನೋಡಿದರೆ, ಅದು ಜಾಸ್ತಿ ಇರೋದು ಸ್ನಾಯು ಮತ್ತು ಫೈಬ್ರೋಬ್ಲಾಸ್ಟ್ ಜೀವಕೋಶಗಳಲ್ಲಿ. ಗಡ್ಡೆಯ ಚೂರಿನಲ್ಲಿ ಅವೇ ಕಡಿಮೆ ಇದ್ದವು, ಅಷ್ಟೇ. ನಾಯಿಯ ಗಡ್ಡೆಯಲ್ಲಂತೂ ಹಲವು ಬಗೆ ಅಂಗಾಂಶ ಬೆರೆತದ್ದು ಬಹಳ, ಒಂದೇ ಬ್ಲಾಕ್‌ನಲ್ಲಿ ಮೃದ್ವಸ್ಥಿ, ಮೂಳೆ ಕೂಡ ಇರುತ್ತದೆ. ಅವತ್ತಿನಿಂದ ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಪೆನ್ನಿನಿಂದ ಗೆರೆ ಎಳೆದು, ಅದರ ಮೇಲೆ ಬಣ್ಣ ಹಾಕದ್ದನ್ನು ಇಟ್ಟು, ಒದ್ದೆ ಸೂಜಿಯಲ್ಲಿ ಆ ಜಾಗ ಮಾತ್ರ ಕೆರೆಯುತ್ತೇನೆ. ಬಿಳಿ ಎಳೆಯ ಹಾಗೆ ಸುತ್ತಿಕೊಂಡು ಸೂಜಿಗೆ ಅಂಟುತ್ತದೆ. ಮೇಣ ತೆಗೆಯೋಕೆ ಝೈಲೀನ್ ಬದಲು ಏನು ಬಳಸುತ್ತೇನೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹೋಲಿಕೆಗೆ ಅಳತೆಗೋಲಾಗಿ ಬಳಸುವ ಯು6 ಆರ್‌ಎನ್‌ಎ ಒಂದನ್ನೇ ನಂಬಬೇಡಿ, ನನ್ನ ಬ್ಲಾಕ್‌ಗಳಲ್ಲಿ ಅದು ಎರಡು ಮೂರು ಸೈಕಲ್ ಓಲಾಡಿತು.

ನಡುವೆ ಸೀರಮ್‌ನಲ್ಲೂ ನೋಡೋಣ ಅಂತ ಹೊರಟಿದ್ದೆ. ಕೆಂಪು ಛಾಯೆ ಇದ್ದ ಟ್ಯೂಬ್‌ಗಳಲ್ಲಿ ಮಿರ್-451 ಗಗನಕ್ಕೇರಿತು, ಅದು ಒಡೆದ ಕೆಂಪು ರಕ್ತಕಣದ್ದು. ಆ ಕೆಲಸ ಅಲ್ಲೇ ಬಿಟ್ಟೆ.

ಬರೀ ಏರಿಳಿತ ತೋರಿಸಿದರೆ ಮಿರ್-21 ಜೀನನ್ನು ನಿಯಂತ್ರಿಸುತ್ತದೆ ಅಂತ ಆಗಲಿಲ್ಲ, ಅಲ್ವಾ? ಗಡ್ಡೆಯಿಂದ ಬೆಳೆಸಿದ ಜೀವಕೋಶಗಳಿಗೆ ಮಿರ್-21 ತಡೆಯುವ ತುಣುಕು ಕೊಟ್ಟು ಅದು ಅದುಮಿಡುವ ಜೀನ್ ಪಿಡಿಸಿಡಿ4 ನೋಡಿದೆ. ಪ್ರೋಟೀನ್ ತಯಾರಿಸಲು ಬೇಕಾದ ಎಂಆರ್‌ಎನ್‌ಎ ಅಷ್ಟೇನೂ ಅಲ್ಲಾಡಲಿಲ್ಲ, ಇದೂ ಸೋತಿತು ಅಂದುಕೊಂಡೆ. ಸುಮ್ನೆ ಬಿಡದೆ ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟ್ ಹಾಕಿದೆ. ಪ್ರೋಟೀನ್‌ನ ಪಟ್ಟಿ ಹಿಂದಿನದರ ಎರಡರಷ್ಟು ದಪ್ಪ ಬಂದಿತ್ತು.