ಆಲೂಗಡ್ಡೆ, ನೊರೆ, ಒಂದು ಊದಿನಕಡ್ಡಿ: ಎಂಜೈಮ್‌ಗೂ ಪ್ರೋಟೀನ್‌ಗೂ ಏನು ಸಂಬಂಧ ಅಂತ ಮನೇಲೇ ನೋಡೋದು ಹೇಗೆ?

ಹತ್ತನೇ ಕ್ಲಾಸಲ್ಲಿರೋ ಮಗಳು ಮೊನ್ನೆ ಕೇಳಿದ್ಲು, "ಅಪ್ಪಾ, ಪ್ರೋಟೀನ್ ಅಂದ್ರೆ ಬೇಳೆ ಮೊಟ್ಟೇಲಿ ಇರೋದು, ಎಂಜೈಮ್ ಅಂದ್ರೆ ಊಟ ಅರಗಿಸೋದು, ಎರಡೂ ಒಂದೇನಾ?" ಒಂದೇ ಅಲ್ಲ ಕಣಮ್ಮ. ಹೆಚ್ಚುಕಮ್ಮಿ ಎಲ್ಲಾ ಎಂಜೈಮೂ ಪ್ರೋಟೀನೇ, ಆದ್ರೆ ಎಲ್ಲಾ ಪ್ರೋಟೀನೂ ಎಂಜೈಮ್ ಅಲ್ಲ. ಕೂದಲಲ್ಲಿರೋ ಕೆರಾಟಿನ್, ಚರ್ಮ ಮೂಳೆಗೆ ಗಟ್ಟಿತನ ಕೊಡೋ ಕೊಲಾಜನ್, ಇವೂ ಪ್ರೋಟೀನ್‌ಗಳೇ, ಆದ್ರೆ ಇವುಗಳದ್ದು ದೇಹ ಕಟ್ಟೋ ಕೆಲಸ. ಎಂಜೈಮ್ ಕೆಲಸ ಬೇರೆ, ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಗೆ ಸ್ಪೀಡ್ ಕೊಡೋದು. ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ ಅಂತ ಅಡುಗೆಮನೇಲೇ ಮಾಡಿ ನೋಡಿದ್ವಿ, ನೀವೂ ಮಾಡಿ.

ಬೇಕಾಗಿದ್ದು ಒಂದು ಆಲೂಗಡ್ಡೆ, ಎರಡು ಗಾಜಿನ ಲೋಟ, ಊದಿನಕಡ್ಡಿ, ಮೆಡಿಕಲ್ ಶಾಪಲ್ಲಿ ಸಿಗೋ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿ ಮೇಲೆ 6% ಅಂತಿದ್ರೆ ಅಷ್ಟೇ ನೀರು ಬೆರೆಸಿ, 3% ಸಾಕು. ಕಣ್ಣಿಗೆ ಹಾರಬಾರದು, ಬಾಯಿಗೆ ಹೋಗಬಾರದು, ಮಕ್ಕಳ ಜೊತೆ ದೊಡ್ಡವರು ಇರ್ಲೇಬೇಕು.

ಮೊದಲು ಆಲೂಗಡ್ಡೆ ಅರ್ಧ ಮಾಡಿ. ಒಂದರ್ಧ ಹಸಿದೇ ಇರಲಿ. ಇನ್ನರ್ಧನ ಸಣ್ಣ ಹೋಳು ಮಾಡಿ ನೀರಲ್ಲಿ ಪೂರ್ತಿ ಬೇಯೋವರೆಗೂ ಕುದಿಸಿ, ಆಮೇಲೆ ಚೆನ್ನಾಗಿ ಆರಿಸಿ, ಬಿಸಿ ಇದ್ರೆ ಲೆಕ್ಕ ತಪ್ಪುತ್ತೆ.

ಎರಡನೇದು, ಹಸಿದನ್ನ ಒಂದು ಲೋಟಕ್ಕೆ, ಬೆಂದಿದ್ದನ್ನ ಇನ್ನೊಂದಕ್ಕೆ ಹಾಕಿ, ಎರಡಕ್ಕೂ ನಾಲ್ಕು ನಾಲ್ಕು ಚಮಚ ಪೆರಾಕ್ಸೈಡ್ ಸುರಿದು ಸುಮ್ನೆ ನೋಡ್ತಾ ನಿಂತ್ಕೊಳ್ಳಿ. ಹಸಿ ತುಂಡಿನ ಮೈಮೇಲೆಲ್ಲಾ ಸಾಸಿವೆಗಿಂತ ಸಣ್ಣ ಗುಳ್ಳೆ ಏಳುತ್ತೆ, ಒಂದಕ್ಕೊಂದು ಸೇರ್ಕೊಂಡು ಬಿಳಿ ನೊರೆ ಆಗುತ್ತೆ. ಬೆಂದಿದ್ರಲ್ಲಿ ನೊರೆ ಏಳೋದೇ ಇಲ್ಲ.

ಆ ನೊರೇಲಿರೋದು ಆಕ್ಸಿಜನ್. ಊದಿನಕಡ್ಡಿ ಹಚ್ಚಿ, ಜ್ವಾಲೆ ಆರಿಸಿ ಬರೀ ಕೆಂಡ ಇರೋವಾಗ ನೊರೆಯ ಗುಳ್ಳೆಗಳ ಹತ್ರ ಹಿಡೀರಿ, ಕೆಂಡ ಧಗ್ಗಂತ ಕೆಂಪಾಗುತ್ತೆ, ನನ್ನ ಮಗಳು ಇದೊಂದನ್ನೇ ಆರು ಸಲ ಮಾಡಿದ್ಲು. ಪೆರಾಕ್ಸೈಡನ್ನ ನೀರು, ಆಕ್ಸಿಜನ್ ಅಂತ ಒಡೆದಿದ್ದು ಆಲೂಗಡ್ಡೆ ಜೀವಕೋಶದಲ್ಲಿರೋ ಕ್ಯಾಟಲೇಸ್ ಅನ್ನೋ ಎಂಜೈಮ್. ನಮ್ಮ ಲಿವರ್‌ನಲ್ಲೂ ಇದು ಬೇಕಾದಷ್ಟಿದೆ.

ಹಾಗಾದ್ರೆ ಬೇಯಿಸಿದ್ದಕ್ಕೆ ಏನಾಯ್ತು? ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಉದ್ದ ಸರ, ಅದು ತನ್ನದೇ ರೀತೀಲಿ ಮಡಚ್ಕೊಂಡು ಒಂದು ಆಕಾರಕ್ಕೆ ಬರುತ್ತೆ, ಆ ಆಕಾರದಲ್ಲಿ ಒಂದು ಸಣ್ಣ ಸಂದು ಇರುತ್ತೆ, ಪೆರಾಕ್ಸೈಡ್ ಅಲ್ಲಿಗೆ ಬಂದು ಕೂತ್ರೇನೇ ಕೆಲಸ ಆಗೋದು. ಕುದಿಸಿದಾಗ ಸರ ತುಂಡಾಗಲ್ಲ, ಮಡಿಕೆ ಬಿಚ್ಚೋಗುತ್ತೆ. ನೀರು ನೀರಾಗಿದ್ದ ಮೊಟ್ಟೆ ಲೋಳೆ ಬಾಣಲೀಲಿ ಬೆಳ್ಳಗೆ ಗಟ್ಟಿ ಆಗುತ್ತಲ್ಲ, ಅಲ್ಲೂ ನಡೆಯೋದು ಇದೇ. ಆರಿಸಿದ್ರೂ ಮತ್ತೆ ಲೋಳೆ ಆಗಲ್ಲ, ಹಾಗೇ ನಮ್ಮ ಬೆಂದ ಆಲೂಗಡ್ಡೆ ಆರಿದ್ಮೇಲೂ ನೊರೆ ಕೊಡ್ಲಿಲ್ಲ.

ಎಂಜೈಮ್ ಪ್ರೋಟೀನೇ ಅನ್ನೋದಕ್ಕೆ ಇದು ಸುಳಿವು ಅಷ್ಟೇ, ಪೂರ್ತಿ ಸಾಕ್ಷಿ ಅಲ್ಲ. ಸಾಕ್ಷಿ ಕೊಟ್ಟಿದ್ದು ಅಮೆರಿಕದ ವಿಜ್ಞಾನಿ ಜೇಮ್ಸ್ ಸಮ್ನರ್. ಹದಿನೇಳನೇ ವಯಸ್ಸಲ್ಲಿ ಬೇಟೆಗೆ ಹೋದಾಗ ಗುಂಡೇಟು ಬಿದ್ದು ಎಡಗೈ ಹೋಯ್ತು, ಅವರು ಎಡಚರು ಬೇರೆ, ಬಲಗೈಲಿ ಎಲ್ಲಾ ಹೊಸದಾಗಿ ಕಲಿತು ಲ್ಯಾಬ್ ಕೆಲಸ ಮಾಡಿದ್ರು. 1926ರಲ್ಲಿ ಕಾರ್ನೆಲ್ ಯೂನಿವರ್ಸಿಟೀಲಿ ಜ್ಯಾಕ್ ಬೀನ್ ಕಾಳಿಂದ ಯೂರಿಯೇಸ್ ಅನ್ನೋ ಎಂಜೈಮನ್ನ ಹರಳು ಮಾಡಿ ತೆಗೆದ್ರು, ಆ ಹರಳು ಪ್ರೋಟೀನೇ ಆಗಿತ್ತು. ನೊಬೆಲ್ ಪಡೆದಿದ್ದ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಕೂಡ ಒಪ್ಪಲಿಲ್ಲ. ಜಾನ್ ನಾರ್ಥ್‌ರಪ್ 1930ರಲ್ಲಿ ಹೊಟ್ಟೇಲಿ ಪ್ರೋಟೀನ್ ಅರಗಿಸೋ ಪೆಪ್ಸಿನ್ ಅನ್ನೋ ಎಂಜೈಮಿನ ಹರಳು ತೆಗೆದ್ಮೇಲೆ ವಾದ ತಣ್ಣಗಾಗ್ತಾ ಬಂತು, ಸಮ್ನರ್‌ಗೆ ನೊಬೆಲ್ ಸಿಕ್ಕಿದ್ದು 1946ರಲ್ಲಿ.

ಮೇಲೆ "ಹೆಚ್ಚುಕಮ್ಮಿ" ಅಂದಿದ್ದಕ್ಕೂ ಕಾರಣ ಇದೆ. ಜೀವಕೋಶದಲ್ಲಿ ಆರ್‌ಎನ್‌ಎ ಅನ್ನೋ ಅಣುಗಳಿರ್ತವೆ, ಅವು ಪ್ರೋಟೀನ್ ಅಲ್ಲ, ಆದ್ರೂ ಅವುಗಳಲ್ಲಿ ಕೆಲವು ಎಂಜೈಮ್ ಥರ ಕೆಲಸ ಮಾಡ್ತವೆ, ಅದನ್ನ ಕಂಡುಹಿಡಿದ ಥಾಮಸ್ ಚೆಕ್, ಸಿಡ್ನಿ ಆಲ್ಟ್‌ಮನ್ ಇಬ್ಬರಿಗೂ 1989ರಲ್ಲಿ ನೊಬೆಲ್ ಬಂತು.

ಪೆರಾಕ್ಸೈಡ್ ಉಳಿದಿದ್ರೆ ಹಸಿ ಆಲೂಗಡ್ಡೆ ತುರಿದು ಎರಡು ಪಾಲು ಮಾಡಿ, ಒಂದಕ್ಕೆ ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಡಿ, ಇನ್ನೊಂದಕ್ಕೆ ಅಷ್ಟೇ ನೀರು ಹಾಕಿ, ಆಮೇಲೆ ಎರಡಕ್ಕೂ ಪೆರಾಕ್ಸೈಡ್. ಹುಳಿಗೂ ಮಡಿಕೆ ಕೆಡುತ್ತೆ, ನಿಂಬೆ ಹಿಂಡಿದ್ರಲ್ಲಿ ನೊರೆ ಕಮ್ಮಿ. ತುರೀಲೇಬೇಕು, ಇಡೀ ತುಂಡಾದ್ರೆ ಹುಳಿ ಒಳಗೆ ಇಳಿಯಲ್ಲ.