ಮನೆ ಬಿಸಿಯಾಗ್ತಿಲ್ವಾ? ಮೊದಲು ಇಷ್ಟು ನೋಡಿ

ಶಿಕಾಗೋದಲ್ಲಿ ಚಳಿ ಶುರುವಾಯಿತೆಂದರೆ ಹೊಸಬರ ಮನೆಗಳಿಂದ ನಮ್ಮ ಕೂಟದವರಿಗೆ ಬರುವ ಖಾಯಂ ಪ್ರಶ್ನೆ: "ಥರ್ಮೋಸ್ಟಾಟ್ ಕೆಟ್ಟಿದೆ, ಯಾರನ್ನ ಕರೀಬೇಕು?" ಎಷ್ಟೋ ಸಲ ಅದು ಕೆಟ್ಟೇ ಇರುವುದಿಲ್ಲ. ಗೋಡೆ ಮೇಲಿನ ಆ ಡಬ್ಬಿ ಬರೀ ಹುಕುಂ ಕೊಡುತ್ತದೆ. ಗಾಳಿ ಕಾಯಿಸುವುದು ಬೇಸ್‌ಮೆಂಟಿನಲ್ಲೋ ಕ್ಲಾಸೆಟ್ಟಿನಲ್ಲೋ ಇರುವ ಫರ್ನೇಸ್. ಇಬ್ಬರಲ್ಲಿ ಯಾರು ಸುಮ್ಮನಾಗಿದ್ದಾರೆ ಅಂತ ಮೊದಲು ಪತ್ತೆ ಮಾಡಿ.

ಥರ್ಮೋಸ್ಟಾಟನ್ನು ಬೇಸಿಗೆಯಲ್ಲಿ 'ಕೂಲ್'ಗೆ ಇಟ್ಟದ್ದು ಹಾಗೇ ಉಳಿದಿರಬಹುದು. 'ಹೀಟ್'ಗೆ ತನ್ನಿ. ಫ್ಯಾನ್ 'ಆನ್' ಇದ್ದರೆ ಫರ್ನೇಸ್ ಉರಿಯದ ಹೊತ್ತಿನಲ್ಲೂ ಗಾಳಿ ಬೀಸಿ ತಣ್ಣಗೆನಿಸುತ್ತದೆ, 'ಆಟೋ' ಮಾಡಿ. ಇಲ್ಲಿನ ಲೆಕ್ಕ ಫ್ಯಾರನ್‌ಹೀಟ್‌ನಲ್ಲಿ: 68 ಅಂದರೆ ನಮ್ಮ 20 ಡಿಗ್ರಿ. ಈಗ ಕೋಣೆಯಲ್ಲಿ ಇರುವುದಕ್ಕಿಂತ ಐದು ಡಿಗ್ರಿ ಏರಿಸಿ, ಕೆಲವು ನಿಮಿಷ ಕಾಯಿರಿ. ಒಂದೇ ಸಲ 85ಕ್ಕೆ ಏರಿಸಿದರೆ ಮನೆ ಬೇಗ ಬಿಸಿಯಾಗುವುದಿಲ್ಲ, ಬಿಲ್ ಮಾತ್ರ ಜಾಸ್ತಿ.

ಥರ್ಮೋಸ್ಟಾಟ್ ಪರದೆ ಪೂರ್ತಿ ಖಾಲಿಯೇ? ಬ್ಯಾಟರಿ ಬದಲಿಸಿ. ಬ್ಯಾಟರಿಯೇ ಇಲ್ಲದ ಮಾದರಿಗೆ ಕರೆಂಟ್ ಫರ್ನೇಸ್‌ನಿಂದಲೇ ಬರುತ್ತದೆ, ಹಾಗಾಗಿ ಮನೆಯ ಕರೆಂಟ್ ಪೆಟ್ಟಿಗೆಯಲ್ಲಿ ಫರ್ನೇಸ್‌ನ ಬ್ರೇಕರ್ (ಸ್ವಿಚ್) ಬಿದ್ದಿದೆಯೇ ನೋಡಿ. ಫರ್ನೇಸ್ ಪಕ್ಕ ಲೈಟ್ ಸ್ವಿಚ್ಚಿನಂಥದ್ದೇ ಒಂದು ಸ್ವಿಚ್ ಇರುತ್ತದೆ. ದೀಪದ್ದು ಅಂದುಕೊಂಡು ಮನೆಯಲ್ಲಿ ಯಾರಾದರೂ ಆರಿಸಿರುತ್ತಾರೆ! ಗಾಳಿಯ ಧೂಳು ಹಿಡಿಯುವ ಫಿಲ್ಟರ್ ಬದಲಿಸಿದ ಮೇಲೆ ಫರ್ನೇಸ್ ಬಾಗಿಲು ಸರಿಯಾಗಿ ಕೂರದಿದ್ದರೂ ಯಂತ್ರ ಓಡುವುದಿಲ್ಲ, ಅಲ್ಲೊಂದು ಸುರಕ್ಷತಾ ಸ್ವಿಚ್ ಇದೆ.

ಪರದೆ ಸರಿಯಿದ್ದು, ಫರ್ನೇಸ್ ಹತ್ತಿ ಸ್ವಲ್ಪ ಹೊತ್ತಿಗೇ ಆರುತ್ತಿದ್ದರೆ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಧೂಳು ಕಟ್ಟಿ ಗಾಳಿ ಓಡದಿದ್ದರೆ ಒಳಗೆ ಕಾವು ಏರಿ ಫರ್ನೇಸ್ ತಾನೇ ನಿಲ್ಲುತ್ತದೆ. ಹೊರಗೋಡೆಯಿಂದ ಫರ್ನೇಸ್‌ನ ಬಿಳಿ ಪ್ಲಾಸ್ಟಿಕ್ ಪೈಪು ಹೊರಬಂದಿರುವ ಮನೆಗಳಲ್ಲಿ ಅದರ ಬಾಯಿಗೆ ಹಿಮ ತುಂಬಿದರೂ ಇದೇ ಕಥೆ. ಹಿಮ ಸರಿಸಿ.

ಪರದೆ 72 ತೋರಿಸಿ ಕೋಣೆ ಮಾತ್ರ ತಣ್ಣಗೆ ಕೊರೆಯುತ್ತಿದ್ದರೆ, ಥರ್ಮೋಸ್ಟಾಟ್ ಹತ್ತಿರ ಏನಿದೆ ನೋಡಿ. ಟಿವಿ, ಲ್ಯಾಂಪ್, ನೇರ ಬಿಸಿಲು. ದೇವರ ಗೂಡನ್ನು ಅದರ ಕೆಳಗೇ ಇಟ್ಟು ದೀಪ ಹಚ್ಚಿದರೆ, ಮನೆಯೆಲ್ಲ ಬೆಚ್ಚಗಿದೆ ಅಂತ ಅದು ನಂಬಿಬಿಡುತ್ತದೆ.

ಇನ್ನು ಥರ್ಮೋಸ್ಟಾಟ್ ತಂತಿಗಳ ವಿಷಯ. ಗಾಳಿ ಬೀಸುವ ಫರ್ನೇಸ್‌ಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. ಸ್ವಂತ ಮನೆಯಾದರೆ ಬ್ರೇಕರ್ ಆರಿಸಿ, ಫೋಟೋ ತೆಗೆದುಕೊಂಡೇ ಬಿಚ್ಚಿ. ದಪ್ಪ ತಂತಿ ಕಂಡರೆ ಮುಟ್ಟಬೇಡಿ, ಅದರಲ್ಲಿ 240 ವೋಲ್ಟ್ ಇರಬಹುದು. ಬಾಡಿಗೆ ಮನೆಯಾದರೆ ಬಿಚ್ಚುವ ಗೋಜೇ ಬೇಡ. ಮಾಲೀಕರಿಗೆ ಫೋನ್ ಮಾಡಿ, ಜೊತೆಗೆ ಬರಹದಲ್ಲೂ ತಿಳಿಸಿ, ಕೋಣೆಯ ಥರ್ಮಾಮೀಟರ್ ಫೋಟೋ ಕಳಿಸಿ. ಸಂಕೋಚ ಯಾಕೆ? ಹೀಟಿಂಗ್ ಮಾಲೀಕರ ಕೈಯಲ್ಲಿರುವ ಮನೆಗಳಿಗೆ ಶಿಕಾಗೋ ನಗರದ ನಿಯಮವೇ ಇದೆ: ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲು ಕನಿಷ್ಠ 68, ರಾತ್ರಿ 66 ಡಿಗ್ರಿ ಇರಲೇಬೇಕು. ಮಾಲೀಕರು ಕೇಳದಿದ್ದರೆ ನಗರದ ಸಹಾಯವಾಣಿ 311ಕ್ಕೆ ದೂರು ಕೊಡಿ. ಉಪನಗರಗಳಲ್ಲಿ ನಿಯಮ ಬೇರೆ. ನಿಮ್ಮ ಊರಿನ ಆಫೀಸಿನಲ್ಲಿ ವಿಚಾರಿಸಿ.

ರಿಪೇರಿಯವರು ಬರುವ ತನಕ ಓವನ್ ಹಚ್ಚಿ ಮನೆ ಕಾಯಿಸಬೇಡಿ. ರೂಮ್ ಹೀಟರನ್ನು ಕಿಟಕಿ ಪರದೆ, ಹಾಸಿಗೆಗಳಿಂದ ಮೂರಡಿ ದೂರವಿಟ್ಟು, ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಎಕ್ಸ್‌ಟೆನ್ಷನ್ ಬೇಡ. ಹೊರಗೆ ಕೊರೆಯುವ ಚಳಿಯಿದ್ದರೆ ಸಿಂಕ್ ಕೆಳಗಿನ ಬಾಗಿಲು ತೆರೆದಿಟ್ಟು ನಲ್ಲಿಯನ್ನು ಸಣ್ಣಗೆ ಬಿಡಿ, ಇಲ್ಲದಿದ್ದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದೀತು.

ಗ್ಯಾಸ್ ವಾಸನೆ ಬಂದರೆ, ಅಥವಾ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ, ಯಾವ ಸ್ವಿಚ್ಚನ್ನೂ ಮುಟ್ಟದೆ ಮಕ್ಕಳನ್ನು ಕರೆದುಕೊಂಡು ಮೊದಲು ಹೊರಗೆ ಬನ್ನಿ. 911ಕ್ಕೆ ಫೋನ್ ಹೊರಗಿನಿಂದಲೇ ಮಾಡಿ.