ಕಾರಿಲ್ಲದೆ ಬದುಕಬಲ್ಲ ಮನೆ ಹುಡುಕಿದ ನನ್ನ ಅನುಭವ

ಹಾಸನದಲ್ಲಿ ನಾವು ಸ್ವಂತ ಮನೆ ಹುಡುಕುತ್ತಿದ್ದಾಗ ದಲ್ಲಾಳಿಗಳು ತೋರಿಸಿದ್ದರಲ್ಲಿ ಹೆಚ್ಚಿನವು ಊರಾಚೆಯ ಹೊಸ ಬಡಾವಣೆಗಳಲ್ಲಿದ್ದವು. ರಸ್ತೆ ಅಗಲ, ಬೆಲೆ ಕಡಿಮೆ, ಜೊತೆಗೆ "ಕಾರಿನಲ್ಲಿ ಹತ್ತೇ ನಿಮಿಷ ಮೇಡಂ" ಎಂಬ ಭರವಸೆ. ಐದು ಜನರ ನಮ್ಮ ಮನೆಯಲ್ಲಿ ಕಾರು ಓಡಿಸುವವರು ನನ್ನ ಯಜಮಾನರೊಬ್ಬರೇ. ಆ ಹತ್ತು ನಿಮಿಷ ಅವರಿಗೆ ಮಾತ್ರ ಸಲ್ಲುವ ಲೆಕ್ಕ. ಉಳಿದ ನಾಲ್ವರು ಔಷಧಿಗೋ, ಟ್ಯೂಷನ್ನಿಗೋ, ದೇವಸ್ಥಾನಕ್ಕೋ ಹೋಗಬೇಕೆಂದರೆ ಮೊದಲು ಅವರ ಬಿಡುವನ್ನು ಕೇಳಬೇಕಾಗುತ್ತಿತ್ತು.

ಆದ್ದರಿಂದ ದಲ್ಲಾಳಿಯ ಕಾರು ಹತ್ತದೆ, ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆದೇ ಮನೆ ನೋಡುವುದೆಂದು ನಾನು ನಿರ್ಧರಿಸಿದೆ. ಒಮ್ಮೆ ಅತ್ತೆಯವರನ್ನು, ಒಮ್ಮೆ ಪಿಯುಸಿ ಓದುವ ಮಗಳನ್ನು ಕರೆದುಕೊಂಡು ಹೋದೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ತಂಗುದಾಣದಿಂದ ಮನೆಯವರೆಗೆ ದೀಪಗಳಿವೆಯೇ, ನಡುವೆ ದೊಡ್ಡ ರಸ್ತೆ ದಾಟಬೇಕೇ ಎಂಬುದನ್ನು ಅಡುಗೆಮನೆಯ ಅಳತೆಗಿಂತ ಮೊದಲು ವಿಚಾರಿಸಿದೆ. ಬಿ.ಎಂ. ರಸ್ತೆಯಂತಹ ರಸ್ತೆಯನ್ನು ಸಂಜೆಯ ಹೊತ್ತು ಅತ್ತೆಯವರ ಕೈಹಿಡಿದು ದಾಟಿದ ಮೇಲೆ, ನಕ್ಷೆಯಲ್ಲಿ ಹತ್ತಿರವೆಂದು ಕಂಡ ಒಂದೆರಡು ಮನೆಗಳನ್ನು ಕೈಬಿಟ್ಟೆವು. ಕಡೆಗೆ ಒಪ್ಪಿಕೊಂಡದ್ದು ಊರೊಳಗಿನ ಹಳೆಯ, ಚಿಕ್ಕ ಮನೆಯನ್ನು. ಕಾರು ನಿಲ್ಲಿಸಲು ಜಾಗವಿಲ್ಲವೆಂದು ಅದನ್ನು ಕೇಳುವವರೇ ಕಡಿಮೆಯಿದ್ದರು. ಬೆಲೆಯ ಮಾತುಕತೆಯಲ್ಲಿ ನಮಗೆ ಅದೇ ಅನುಕೂಲವಾಯಿತು.

ವಾಹನ ಓಡಿಸುವ ಹಕ್ಕಿಗೆ ವಯಸ್ಸಿನ ಎರಡು ತುದಿಗಳಲ್ಲೂ ಮಿತಿಯಿದೆ. ಕಾರಿನ ಪರವಾನಗಿಗೆ ಹದಿನೆಂಟು ತುಂಬಿರಬೇಕು. 2019ರ ತಿದ್ದುಪಡಿಯ ನಂತರ, ಐವತ್ತೈದು ದಾಟಿದವರ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ನವೀಕರಿಸಬೇಕು. ಮಾವನವರು ಕಣ್ಣು ಮಂಜಾದ ಕಾರಣಕ್ಕೆ ತಾವಾಗಿಯೇ ಸ್ಕೂಟರ್ ಬಿಟ್ಟವರು. ಊರಾಚೆ ನೆಲೆಸಿದ್ದರೆ ಅವರ ಓಡಾಟವೂ ಅಂದೇ ನಿಲ್ಲುತ್ತಿತ್ತು. ಈಗ ಅವರು ಬೆಳಿಗ್ಗೆ ಮಹಾರಾಜ ಪಾರ್ಕಿನವರೆಗೆ ನಡೆದು ಹೋಗಿ, ಬರುವಾಗ ತರಕಾರಿ ತರುತ್ತಾರೆ. ಯಜಮಾನರಿಗೂ ಆ ವಯಸ್ಸು ದೂರವಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ಅತ್ತೆಯವರಿಗೆ ಆದ ಲಾಭ ಟಿಕೆಟ್ಟಿನ ಹಣಕ್ಕಿಂತ ದೊಡ್ಡದು. ಬೇಲೂರಿನಲ್ಲಿರುವ ತಂಗಿಯ ಮನೆಗೆ ಅವರು ಯಾರನ್ನೂ ಕೇಳದೆ ಹೋಗಿ ಬರುತ್ತಾರೆ. ಬಸ್ಸು ಉಚಿತವಾದರೂ, ನಿಲ್ದಾಣದವರೆಗೆ ಯಾರಾದರೂ ಕಾರಿನಲ್ಲಿ ಬಿಡಬೇಕಾಗಿದ್ದರೆ ಇದು ಸಾಧ್ಯವಿರಲಿಲ್ಲ. ಹಾದಿಯೇನೂ ಸುಗಮವಾಗಿಲ್ಲ. ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ ನಡೆಯಲು ತೆರವಾಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಬೀದಿಯಲ್ಲಿ ಆ ಜಾಗವನ್ನು ನಿಂತ ಬೈಕುಗಳೂ ಕಿತ್ತುಹೋದ ಚಪ್ಪಡಿಗಳೂ ಹಂಚಿಕೊಂಡಿವೆ.

ಕಾರನ್ನು ಮಾರಿಲ್ಲ, ಹತ್ತಿರದ ಖಾಲಿ ನಿವೇಶನದಲ್ಲಿ ತಿಂಗಳ ಬಾಡಿಗೆಗೆ ನಿಲ್ಲಿಸಿದ್ದೇವೆ. ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಪರಿಚಯದ ಆಟೋದವರಿದ್ದಾರೆ. ಸಕಲೇಶಪುರದಾಚೆ ಬೆಳಿಗ್ಗೆ ಮತ್ತು ಸಂಜೆ ಮಾತ್ರ ಬಸ್ಸು ಬರುವ ನಮ್ಮ ಊರಿಗೆ, ಅದರಲ್ಲೂ ಮಳೆಗಾಲದಲ್ಲಿ, ಕಾರಿಲ್ಲದೆ ಆಗದು. ಅಲ್ಲಿರುವ ನನ್ನ ನಾದಿನಿ ಈಗ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಅವಳಿರುವ ಕಡೆ ಅದೇ ಸರಿಯಾದ ದಾರಿ.